ಹುಳಿ ಆಮ್ಲದ್ದು, ಕಹಿ ಯಾರದ್ದು?

ಏಳನೆಯ ತರಗತಿಯ ವಿಜ್ಞಾನದಲ್ಲಿ ನಾವೆಲ್ಲ ಓದಿದ ಒಂದು ಮಾತಿದೆ: ಆಮ್ಲಗಳ ರುಚಿ ಹುಳಿ, ಪ್ರತ್ಯಾಮ್ಲಗಳ ರುಚಿ ಕಹಿ. ನೀವು ಓದಿದ್ದೀರಿ, ನಿಮ್ಮ ಮಕ್ಕಳು ಓದುತ್ತಿದ್ದಾರೆ. ಈ ಸಭೆಯಲ್ಲಿರುವ ಶಿಕ್ಷಕರು ಇನ್ನು ಕೆಲವೇ ದಿನಗಳಲ್ಲಿ ಅದನ್ನು ಮತ್ತೆ ಕಪ್ಪುಹಲಗೆಯ ಮೇಲೆ ಬರೆಯಲಿದ್ದೀರಿ. ಕೇಳಲು ಚೆನ್ನಾಗಿದೆ, ಒಮ್ಮೆ ಓದಿದರೆ ಮರೆಯುವುದಿಲ್ಲ. ಆದರೆ ಅದರ ಮೊದಲ ಅರ್ಧ ಎಷ್ಟು ಗಟ್ಟಿಯೋ ಎರಡನೆಯ ಅರ್ಧ ಅಷ್ಟೇ ಸಡಿಲ. ನಾಲಿಗೆಗೆ ಆಮ್ಲ ನೇರವಾಗಿ ಗೊತ್ತಾಗುತ್ತದೆ, ಅದೇ ಹುಳಿ. ಕಹಿ ಮಾತ್ರ ಪ್ರತ್ಯಾಮ್ಲದ ಗುರುತಲ್ಲ. ಈ ಒಂದು ಸಂಗತಿಯನ್ನು ನಿಮಗೆ ಮನವರಿಕೆ ಮಾಡಿಕೊಡಬೇಕೆಂದೇ ನಾನು ಬಂದಿರುವುದು.

ಮೊದಲು ಈ ಮೇಜಿನ ಕಡೆ ನೋಡಿ. ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿಗಳಿವೆ. ಅರಿಸಿನದ ಈ ಗುಣ ನಮ್ಮ ಮನೆಗಳಿಗೆ ಹೊಸದಲ್ಲ. ಮದುಮಕ್ಕಳಿಗೆ, ಬಾಣಂತಿ ಮಗುವಿಗೆ ಎತ್ತುವ ಆರತಿಯ ನೀರು ಕೆಂಪಗಿರುತ್ತದಲ್ಲ, ಅದು ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಕದಡಿದ್ದರಿಂದ ಬಂದ ಕೆಂಪು. ಅರಿಸಿನದಲ್ಲಿರುವ ಕರ್ಕ್ಯುಮಿನ್ ಎಂಬ ಬಣ್ಣ ಆಮ್ಲ-ಪ್ರತ್ಯಾಮ್ಲಗಳ ಅಳತೆಯಾದ ಪಿಎಚ್‌ನಲ್ಲಿ (7 ಎಂದರೆ ತಟಸ್ಥ, ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಪ್ರತ್ಯಾಮ್ಲ) 8ರ ಆಸುಪಾಸಿನಲ್ಲಿ ಹಳದಿ ಬಿಟ್ಟು ಕೆಂಪಿಗೆ ತಿರುಗುತ್ತದೆ. ಸುಣ್ಣದ ತಿಳಿನೀರನ್ನು ಪಟ್ಟಿಗೆ ಮುಟ್ಟಿಸುತ್ತೇನೆ: ಕೆಂಪು. ಬಟ್ಟೆ ಸೋಪಿನ ನೀರು: ಅದೂ ಕೆಂಪು. ಆ ಕೆಂಪಿನ ಮೇಲೆ ನಿಂಬೆರಸದ ಒಂದು ಹನಿ ಬಿಟ್ಟರೆ ಹಳದಿ ಮರಳಿ ಬಂತು. ಇಲ್ಲಿಯವರೆಗೆ ಪಠ್ಯಪುಸ್ತಕ ಹೇಳಿದ್ದೆಲ್ಲ ಸರಿ.

ಈಗ ಬೇವಿನ ಸೊಪ್ಪನ್ನು ನೀರು ಹಾಕಿ ಅರೆದ ರಸ. ಬೇವಿಗಿಂತ ಕಹಿಯಾದದ್ದು ಬೇಕೇ? ಪಟ್ಟಿ ಹಳದಿಯಾಗಿಯೇ ಉಳಿಯಿತು. ಹಾಲು ಸಕ್ಕರೆ ಹಾಕದ ಕಾಫಿ ಡಿಕಾಕ್ಷನ್. ಅದರದೇ ಕಂದು ಬಣ್ಣ ಹತ್ತಿತೇ ಹೊರತು ಕೆಂಪಿನ ಸುಳಿವಿಲ್ಲ. ಪಿಎಚ್ ಮೀಟರಿನಲ್ಲಿ ಅಳೆದರೆ ಕಪ್ಪು ಕಾಫಿ ಸುಮಾರು 5 ತೋರಿಸುತ್ತದೆ. ಅಂದರೆ ಅದು ಆಮ್ಲದ ಕಡೆಗಿದೆ. ಚಿಕ್ಕಮಗಳೂರಿನ ಕಾಫಿಯನ್ನು ಬೆಳಗ್ಗೆ ಎದ್ದ ಕೂಡಲೇ ಕುಡಿಯುವ ನಾವೆಲ್ಲ ಒಂದು ಕಹಿಯಾದ ಆಮ್ಲವನ್ನು ಕುಡಿಯುತ್ತಿದ್ದೇವೆ. ಪಠ್ಯದ ಆ ವಾಕ್ಯ ಇಲ್ಲಿಯೇ ಅಲುಗಾಡುತ್ತದೆ.

ಹುಳಿಯಿಂದ ಆರಂಭಿಸೋಣ. 1884ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೀನಿಯಸ್ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪ್ರೌಢಪ್ರಬಂಧದಲ್ಲಿ, ನೀರಿನಲ್ಲಿ ಕರಗಿದ ಲವಣಗಳು ಅಯಾನುಗಳಾಗಿ, ಅಂದರೆ ವಿದ್ಯುದಾವೇಶವಿರುವ ಕಣಗಳಾಗಿ, ಒಡೆಯುತ್ತವೆ ಎಂಬ ವಿಚಾರವಿತ್ತು. ಪರೀಕ್ಷಕರಿಗೆ ಅದು ರುಚಿಸಲಿಲ್ಲ, ಕೆಳದರ್ಜೆಯಲ್ಲಿ ಪಾಸು ಮಾಡಿದರು. ಅದೇ ಕೆಲಸಕ್ಕೆ 1903ರಲ್ಲಿ ನೊಬೆಲ್ ಬಂತು. ನೀರಿಗೆ ಹೈಡ್ರೊಜನ್ ಅಯಾನನ್ನು ಬಿಟ್ಟುಕೊಡುವುದು ಆಮ್ಲ ಎಂಬ ತಿಳಿವಳಿಕೆ ಅಲ್ಲಿಂದ ಬಂದದ್ದು. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್ಸನ್ ಆ ಅಯಾನುಗಳ ಪ್ರಮಾಣಕ್ಕೆ ಪಿಎಚ್ ಎಂಬ ಅಳತೆ ಕೊಟ್ಟರು. ಎಲ್ಲ ಆಮ್ಲಗಳಲ್ಲಿಯೂ ಸಮಾನವಾಗಿರುವುದು ಈ ಅಯಾನು, ಎಲ್ಲ ಆಮ್ಲಗಳಲ್ಲಿಯೂ ಸಮಾನವಾಗಿರುವ ರುಚಿ ಹುಳಿ. ಎರಡನ್ನೂ ಜೋಡಿಸುವುದು ಕಷ್ಟವಾಗಲಿಲ್ಲ. ಆದರೆ ನಾಲಿಗೆಯೊಳಗೆ ಅದನ್ನು ಹಿಡಿಯುವುದು ಯಾವುದು ಎಂಬ ಪ್ರಶ್ನೆಗೆ ಉತ್ತರ ಸಿಗಲು ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಉತ್ತರ ಸಿಕ್ಕ ಬಗೆಯೂ ಸೊಗಸಾಗಿದೆ. ತಲೆ ಓರೆ ಮಾಡಿಕೊಂಡು ತಿರುಗುವ, ದೇಹದ ಸಮತೋಲ ಕಳೆದುಕೊಂಡ ಒಂದು ಬಗೆಯ ಇಲಿಗಳು ಪ್ರಯೋಗಾಲಯಗಳಲ್ಲಿ ಮೊದಲಿನಿಂದ ಇದ್ದವು. ಅವುಗಳ ಒಳಕಿವಿಯಲ್ಲಿ ಇರಬೇಕಾದ ಸುಣ್ಣದ ಸಣ್ಣ ಹರಳುಗಳು ರೂಪುಗೊಂಡಿರಲಿಲ್ಲ. ಇದಕ್ಕೆ ಕಾರಣ ಓಟೊಪೆಟ್ರಿನ್ 1 ಎಂಬ ಜೀನಿನ ದೋಷ ಎಂದು ಗೊತ್ತಿತ್ತು, ಆದರೆ ಆ ಜೀನಿನಿಂದಾಗುವ ಪ್ರೋಟೀನಿನ ಕೆಲಸವೇನೆಂದು ಗೊತ್ತಿರಲಿಲ್ಲ. 2018ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಲೀಮನ್ ಅವರ ತಂಡ, ಅದು ಜೀವಕೋಶದ ಪೊರೆಯಲ್ಲಿ ಹೈಡ್ರೊಜನ್ ಅಯಾನನ್ನು, ಅಂದರೆ ಪ್ರೋಟಾನನ್ನು, ಒಳಗೆ ಬಿಡುವ ನಾಳ ಎಂದು ತೋರಿಸಿತು. ಮರುವರ್ಷ ಬಂದ ಸಂಶೋಧನೆಗಳು ಆ ಜೀನ್ ಇಲ್ಲದ ಇಲಿಯ ರುಚಿಕೋಶಗಳು ಹುಳಿಗೆ ಸರಿಯಾಗಿ ಸ್ಪಂದಿಸುವುದಿಲ್ಲ ಎಂದು ಸಾಬೀತು ಮಾಡಿದವು. ಕಿವಿಯ ಸಮತೋಲಕ್ಕೂ ನಾಲಿಗೆಯ ಹುಳಿಗೂ ಒಂದೇ ಪ್ರೋಟೀನು! ನಿಂಬೆಹಣ್ಣು ಚೀಪಿದಾಗ ಪ್ರೋಟಾನುಗಳು ನಾಲಿಗೆಯ ಹುಳಿಕೋಶದೊಳಕ್ಕೆ ನುಗ್ಗುತ್ತವೆ, ಕೋಶದ ವಿದ್ಯುತ್ ಸ್ಥಿತಿ ಬದಲಾಗುತ್ತದೆ, ನರಕ್ಕೆ ಸುದ್ದಿ ಹೋಗುತ್ತದೆ. ಆಮ್ಲವನ್ನು ಆಮ್ಲವನ್ನಾಗಿಸುವ ಕಣವೇ ಸ್ವತಃ ಒಳಗೆ ಹೋಗಿ ಹುಳಿಯನ್ನು ಹೇಳುತ್ತದೆ. ರಸಾಯನಶಾಸ್ತ್ರಕ್ಕೂ ರುಚಿಗೂ ಇಷ್ಟು ನೇರವಾದ ನಂಟು ಬೇರೆ ಕಡೆ ಅಪರೂಪ.

ಹಾಗೆಂದು ಹುಳಿ ಎಷ್ಟಿದೆಯೆಂಬುದನ್ನು ಪಿಎಚ್ ಒಂದರಿಂದಲೇ ಹೇಳಲಾಗದು. ನಿಂಬೆರಸದ ಪಿಎಚ್ 2ಕ್ಕಿಂತ ತುಸು ಹೆಚ್ಚು, ಮೊಸರಿನದು ಸುಮಾರು 4.5. ಪಿಎಚ್‌ನಲ್ಲಿ ಒಂದು ಅಂಕಿ ಇಳಿದರೆ ಅಯಾನು ಹತ್ತು ಪಟ್ಟು ಹೆಚ್ಚಿದಂತೆ. ಲೆಕ್ಕದ ಪ್ರಕಾರ ನಿಂಬೆಯಲ್ಲಿ ಮೊಸರಿನ ನೂರು ಪಟ್ಟಿಗಿಂತಲೂ ಹೆಚ್ಚು ಹೈಡ್ರೊಜನ್ ಅಯಾನುಗಳಿವೆ. ನಿಂಬೆ ಮೊಸರಿಗಿಂತ ನೂರು ಪಟ್ಟು ಹುಳಿಯೇ? ಖಂಡಿತ ಅಲ್ಲ. ಇನ್ನೊಂದು ಉದಾಹರಣೆ: ಒಂದೇ ಪಿಎಚ್ ಇರುವಂತೆ ಹೈಡ್ರೊಕ್ಲೋರಿಕ್ ಆಮ್ಲವನ್ನೂ ವಿನೆಗರಿನ ಅಸಿಟಿಕ್ ಆಮ್ಲವನ್ನೂ ತೆಳುವಾಗಿಸಿ ಹೋಲಿಸಿದರೆ ವಿನೆಗರೇ ಹೆಚ್ಚು ಹುಳಿ. ಕಾರಣ, ಅಸಿಟಿಕ್ ಆಮ್ಲದ ಬಹುಪಾಲು ಅಣುಗಳು ನೀರಿನಲ್ಲಿ ಒಡೆಯದೆ ಇಡಿಯಾಗಿ ಉಳಿದಿರುತ್ತವೆ. ಅವು ಕೋಶದ ಪೊರೆಯನ್ನು ಹಾಗೆಯೇ ದಾಟಿ, ಒಳಗೆ ಹೋದ ಮೇಲೆ ಪ್ರೋಟಾನು ಬಿಡುತ್ತವೆ. ಕೋಶದ ಒಳಗು ಆಮ್ಲವಾದಾಗ ಅಲ್ಲಿನ ಪೊಟ್ಯಾಸಿಯಂ ನಾಳಗಳು ಮುಚ್ಚಿಕೊಂಡು ಹುಳಿಯ ಸೂಚನೆ ಇನ್ನಷ್ಟು ಬಲವಾಗುತ್ತದೆ. ದುರ್ಬಲ ಆಮ್ಲ ಎಂದು ನಾವು ತರಗತಿಯಲ್ಲಿ ಕರೆಯುವುದು ನಾಲಿಗೆಯ ಮೇಲೆ ದುರ್ಬಲವೇನಲ್ಲ. ಸಕ್ಕರೆಯ ಪಾತ್ರವೂ ದೊಡ್ಡದು. ಕೋಲಾ ಪಾನೀಯಗಳ ಪಿಎಚ್ ಸುಮಾರು 2.5, ನಿಂಬೆರಸದ ಹತ್ತಿರವೇ. 100 ಮಿಲಿಲೀಟರಿಗೆ ಸುಮಾರು 10 ಗ್ರಾಂ ಸಕ್ಕರೆ ಅದನ್ನು ಮರೆಸುತ್ತದೆ. ಹಲ್ಲಿಗೆ ಮಾತ್ರ ಆ ಮರೆವು ಇಲ್ಲ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಎನಾಮೆಲ್ ಕರಗಲು ತೊಡಗುತ್ತದೆ. ಮಕ್ಕಳ ಕೈಯಲ್ಲಿ ಆ ಬಾಟಲಿ ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹುಳಿಗಳ ವಿಷಯದಲ್ಲಿ ನಮ್ಮ ನಾಡು ಶ್ರೀಮಂತ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್, ಮೊಸರಿನಲ್ಲಿ ಲ್ಯಾಕ್ಟಿಕ್, ಬಿಂಬುಳಿಯಲ್ಲಿ ಆಕ್ಸಾಲಿಕ್, ಮಲೆನಾಡು ಕರಾವಳಿಯ ಮುರುಗಲಿನಲ್ಲಿ ಹೈಡ್ರಾಕ್ಸಿಸಿಟ್ರಿಕ್. ಹುಣಸೆಯದು ವಿಶೇಷ. ಮಾವು ಹಣ್ಣಾಗುತ್ತ ತನ್ನ ಆಮ್ಲವನ್ನು ಕಳೆದುಕೊಂಡು ಸಿಹಿಯಾಗುತ್ತದೆ. ಹುಣಸೆ ಹಣ್ಣಾದರೂ ಟಾರ್ಟಾರಿಕ್ ಆಮ್ಲವನ್ನು ಬಿಟ್ಟುಕೊಡುವುದಿಲ್ಲ, ಸಕ್ಕರೆ ಮಾತ್ರ ಮೇಲೆ ಸೇರುತ್ತದೆ. ಆದ್ದರಿಂದಲೇ ಅದಕ್ಕೆ ಏಕಕಾಲಕ್ಕೆ ಹುಳಿಯೂ ಸಿಹಿಯೂ. ಇನ್ನು ಕಡಲೆ ಹುಳಿ ಎಂಬುದನ್ನು ಈಗಿನ ಮಕ್ಕಳು ಕೇಳಿರಲಾರರು. ಕಡಲೆ ಗಿಡದ ಎಲೆಯ ಮೇಲಿನ ಸಣ್ಣ ರೋಮಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳನ್ನು ಒಸರುತ್ತವೆ. ಚಳಿಗಾಲದ ರಾತ್ರಿ ಹೊಲದ ಮೇಲೆ ತೆಳುಬಟ್ಟೆ ಹಾಸಿ, ಬೆಳಗಿನ ಇಬ್ಬನಿಯಲ್ಲಿ ಆ ಹುಳಿ ಇಳಿದ ಬಟ್ಟೆಯನ್ನು ಹಿಂಡಿ ಶೇಖರಿಸುತ್ತಿದ್ದರು. ಹೊಟ್ಟೆನೋವಿಗೆ ಮನೆಮದ್ದಾಗಿ ಅದು ಬಳಕೆಯಲ್ಲಿತ್ತು. ಆಮ್ಲವನ್ನು ಗಿಡದಿಂದ ಸಂಗ್ರಹಿಸುವ ಇಂಥ ಜಾಣತನ ರೈತನಿಗೆ ಯಾವ ಪ್ರಯೋಗಾಲಯವೂ ಕಲಿಸಿದ್ದಲ್ಲ.

ಕಹಿಗೆ ಬರೋಣ. ಇಲ್ಲಿ ಕಥೆಯೇ ಬೇರೆ. ಹುಳಿಗೆ ಒಂದು ಕಣ, ಒಂದು ನಾಳ. ಕಹಿಗೆ ಮನುಷ್ಯನಲ್ಲಿ ಸುಮಾರು 25 ಬಗೆಯ ಗ್ರಾಹಕ ಪ್ರೋಟೀನುಗಳಿವೆ, 2000ನೇ ಇಸವಿಯಲ್ಲಿ ಅವುಗಳ ಗುರುತು ಸಿಕ್ಕಿತು. ಒಂದೊಂದು ಗ್ರಾಹಕವೂ ಕೆಲವು ಆಕಾರದ ಅಣುಗಳನ್ನು ಹಿಡಿಯುತ್ತದೆ. ಅಣು ಆಮ್ಲವೇ, ಪ್ರತ್ಯಾಮ್ಲವೇ, ಎರಡೂ ಅಲ್ಲವೇ ಎಂದು ಅದು ಕೇಳುವುದಿಲ್ಲ. ಬೇವಿನ ಅಜಾಡಿರಾಕ್ಟಿನ್, ನಿಂಬಿನ್, ಹಾಗಲ ಮತ್ತು ಸೌತೆಯ ಕುಲದ ಕುಕುರ್ಬಿಟಾಸಿನ್ ಇವೆಲ್ಲ ಇಂಗಾಲ, ಹೈಡ್ರೊಜನ್, ಆಮ್ಲಜನಕಗಳಿಂದಾದವು. ಅವುಗಳಲ್ಲಿ ಸಾರಜನಕವೇ ಇಲ್ಲ, ಪ್ರತ್ಯಾಮ್ಲದ ಗುಣವೂ ಇಲ್ಲ. ಭೇದಿಗೆ ಕೊಡುವ ಎಪ್ಸಮ್ ಲವಣ, ಅಂದರೆ ಮೆಗ್ನೀಸಿಯಂ ಸಲ್ಫೇಟ್, ಹೆಚ್ಚುಕಡಿಮೆ ತಟಸ್ಥ. ಆದರೂ ಕಹಿ.

ನಿಮಗೆ ಇನ್ನೂ ಅನುಮಾನವಿದ್ದರೆ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲವನ್ನು ನೋಡಿ. ನಮ್ಮ ಎಡಗೈ ಬಲಗೈಗಳಂತೆ ಅದಕ್ಕೆ ಎರಡು ರೂಪಗಳು. ಒಂದು ಇನ್ನೊಂದರ ಕನ್ನಡಿಯ ಬಿಂಬ. ತೂಕ ಒಂದೇ, ಕರಗುವಿಕೆ ಒಂದೇ, ನೀರಿನಲ್ಲಿ ಕರಗಿಸಿದರೆ ಪಿಎಚ್ ಕೂಡ ಒಂದೇ. ನಮ್ಮ ದೇಹದ ಪ್ರೋಟೀನುಗಳಲ್ಲಿರುವ ಎಲ್ ರೂಪ ಕಹಿ. ಡಿ ರೂಪ ಸಕ್ಕರೆಗಿಂತ ಹಲವು ಪಟ್ಟು ಸಿಹಿ. ಆಮ್ಲ-ಪ್ರತ್ಯಾಮ್ಲದ ಯಾವ ಲೆಕ್ಕವೂ ಈ ವ್ಯತ್ಯಾಸವನ್ನು ವಿವರಿಸಲಾರದು. ಆಕಾರ ಮಾತ್ರ ವಿವರಿಸಬಲ್ಲದು.

1931ರ ಒಂದು ಘಟನೆಯನ್ನು ಇಲ್ಲಿ ಹೇಳಲೇಬೇಕು. ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞ ಫೀನೈಲ್‌ಥಯೊಕಾರ್ಬಮೈಡ್ ಎಂಬ ಪುಡಿಯನ್ನು ಸೀಸೆಗೆ ತುಂಬುತ್ತಿದ್ದಾಗ ಸ್ವಲ್ಪ ಗಾಳಿಗೆ ಹಾರಿತು. ಜೊತೆಯಲ್ಲಿದ್ದವರು ಬಾಯೆಲ್ಲ ಕಹಿಯಾಯಿತೆಂದರು. ಪುಡಿಗೆ ಇನ್ನೂ ಹತ್ತಿರವಿದ್ದ ಫಾಕ್ಸ್‌ಗೆ ಏನೂ ಅನ್ನಿಸಲಿಲ್ಲ. ಇಬ್ಬರೂ ನಾಲಿಗೆಯ ಮೇಲೆ ಇಟ್ಟುಕೊಂಡು ನೋಡಿದರು. ಒಬ್ಬರಿಗೆ ವಿಪರೀತ ಕಹಿ, ಇನ್ನೊಬ್ಬರಿಗೆ ಸಪ್ಪೆ. ಆಮೇಲೆ ಬಹಳ ಜನರ ಮೇಲೆ ಪರೀಕ್ಷೆ ನಡೆಯಿತು. ಈ ರುಚಿ ಅಪ್ಪ ಅಮ್ಮನಿಂದ ಮಕ್ಕಳಿಗೆ ಹರಿದುಬರುತ್ತದೆ ಎಂದು ಗೊತ್ತಾಗಿ, ತಳಿವಿಜ್ಞಾನದ ಪಾಠಗಳಲ್ಲಿ ಅದು ಹೆಸರಾಂತ ಉದಾಹರಣೆಯಾಯಿತು. ಅದರ ಹಿಂದಿನ ಕಹಿ ಗ್ರಾಹಕದ ಜೀನ್ 2003ರಲ್ಲಿ ಸಿಕ್ಕಿತು. ಯೋಚಿಸಿ: ಕಹಿ ಎಂಬುದು ಪ್ರತ್ಯಾಮ್ಲದ ರುಚಿಯೇ ಆಗಿದ್ದರೆ ಒಂದೇ ವಸ್ತು ಒಬ್ಬರಿಗೆ ಕಹಿ, ಪಕ್ಕದವರಿಗೆ ಸಪ್ಪೆ ಆಗುವುದು ಹೇಗೆ? ಮನೆಯಲ್ಲಿ ಒಂದು ಮಗು ಮೂಲಂಗಿ, ಕೋಸು ಕಹಿ ಎಂದು ತಟ್ಟೆಯ ಬದಿಗಿಟ್ಟರೆ ಹಟವೆಂದು ಬೈಯುವ ಮುನ್ನ ಇದನ್ನು ನೆನಪಿಸಿಕೊಳ್ಳಿ. ಆ ತರಕಾರಿಗಳಲ್ಲಿಯೂ ಇದೇ ಗ್ರಾಹಕಕ್ಕೆ ತಗಲುವ, ಇದೇ ಬಗೆಯ ಗಂಧಕದ ಅಣುಗಳಿವೆ. ಅಣ್ಣನಿಗೆ ತಿಳಿಯದ ಕಹಿ ತಂಗಿಗೆ ನಿಜವಾಗಿಯೂ ತಿಳಿಯುತ್ತಿರಬಹುದು.

ಆಮ್ಲವೇ ಕಹಿಯನ್ನು ಹುಟ್ಟಿಸುವ ಉದಾಹರಣೆಯೂ ಇದೆ. ಕೆಲವು ತಳಿಯ ಕಿತ್ತಳೆಗಳ ರಸ ಹಿಂಡಿದ ತಕ್ಷಣ ಸಿಹಿಯಾಗಿರುತ್ತದೆ, ಕೆಲವು ಗಂಟೆ ಇಟ್ಟರೆ ಕಹಿಯಾಗುತ್ತದೆ. ಹಣ್ಣಿನ ತೊಳೆಯಲ್ಲಿ ಕಹಿಯಿಲ್ಲದ ಒಂದು ವಸ್ತುವಿದೆ. ಹಿಂಡಿದಾಗ ಅದು ರಸದ ಆಮ್ಲಕ್ಕೆ ಸಿಕ್ಕಿ ಲಿಮೊನಿನ್ ಎಂಬ ಕಹಿ ವಸ್ತುವಾಗಿ ಬದಲಾಗುತ್ತದೆ. ನಿಂಬೆಬೀಜ ಕಚ್ಚಿದಾಗ ಸಿಗುವ ಕಹಿಯೂ ಲಿಮೊನಿನ್‌ನದೇ.

ಹಾಗಾದರೆ ಈ ವಾಕ್ಯ ಪುಸ್ತಕಕ್ಕೆ ಬಂದದ್ದು ಎಲ್ಲಿಂದ? ಪೂರ್ತಿ ಆಧಾರವಿಲ್ಲದ ಮಾತೇನಲ್ಲ ಅದು. 19ನೇ ಶತಮಾನದ ಆರಂಭದಲ್ಲಿ ಯುರೋಪಿನ ಔಷಧ ತಯಾರಕರು ಗಿಡಗಳಿಂದ ಒಂದಾದ ಮೇಲೊಂದು ಪ್ರಬಲ ವಸ್ತುಗಳನ್ನು ಬೇರ್ಪಡಿಸಿದರು. ಜರ್ಮನಿಯ ಸೆರ್ಟ್ಯೂರ್ನರ್ ಅಫೀಮಿನಿಂದ ಮಾರ್ಫಿನ್ ತೆಗೆದರು. ಪ್ಯಾರಿಸ್ಸಿನಲ್ಲಿ ಪೆಲೆಟಿಯೆ ಮತ್ತು ಕಾವಂಟೂ 1818ರಲ್ಲಿ ಸ್ಟ್ರಿಕ್ನಿನ್, 1820ರಲ್ಲಿ ಸಿಂಕೋನಾ ತೊಗಟೆಯಿಂದ ಕ್ವಿನೈನ್ ತೆಗೆದರು. ವಿಧಾನ ಹೆಚ್ಚುಕಡಿಮೆ ಒಂದೇ: ಆಮ್ಲದಲ್ಲಿ ಕರಗಿಸು, ಕ್ಷಾರ (ನೀರಿನಲ್ಲಿ ಕರಗುವ ಪ್ರತ್ಯಾಮ್ಲ) ಹಾಕಿ ಕೆಳಗಿಳಿಸು. ಇವೆಲ್ಲ ಸಾರಜನಕ ಇರುವ ಅಣುಗಳು, ಕ್ಷಾರದಂತೆ ಆಮ್ಲದೊಂದಿಗೆ ಸೇರಿ ಲವಣಗಳಾಗುತ್ತವೆ. 1819ರಲ್ಲಿ ಮೈಸ್ನರ್ ಇವಕ್ಕೆ ಆಲ್ಕಲಾಯ್ಡ್ ಎಂಬ ಹೆಸರಿಟ್ಟರು. ಇವೆಲ್ಲ ತೀವ್ರ ಕಹಿಯೂ ಹೌದು. ಪ್ರತ್ಯಾಮ್ಲ ಮತ್ತು ಕಹಿ ಪಕ್ಕಪಕ್ಕದಲ್ಲಿ ನಿಂತದ್ದು ಇಲ್ಲಿಯೇ ಎಂಬುದು ನನ್ನ ಊಹೆ. ಸೋಪಿನ ನೊರೆ ಬಾಯಿಗೆ ಹೋದರೆ ಆಗುವ ಅಸಹ್ಯ ರುಚಿಯೂ ಅದಕ್ಕೆ ಬೆಂಬಲ ಕೊಟ್ಟಿರಬೇಕು.

ಆದರೆ ಕ್ವಿನೈನ್ ಕಹಿಯಾಗಿರುವುದು ಪ್ರತ್ಯಾಮ್ಲವಾದ್ದರಿಂದ ಅಲ್ಲ. ಇದನ್ನು ಪರೀಕ್ಷಿಸುವುದು ಸುಲಭ. ಪ್ರತ್ಯಾಮ್ಲದ ಗುಣವನ್ನು ಆಮ್ಲ ಹಾಕಿ ಅಳಿಸಿಬಿಡಿ, ಕಹಿ ಹೋಗುತ್ತದೆಯೇ ನೋಡಿ. ಮಲೇರಿಯಾಕ್ಕೆ ಕೊಡುತ್ತಿದ್ದ ಮಾತ್ರೆಯೇ ಕ್ವಿನೈನ್ ಸಲ್ಫೇಟ್, ಅಂದರೆ ಆಮ್ಲದೊಂದಿಗೆ ಸೇರಿ ಆದ ಲವಣ. ಅದನ್ನು ನುಂಗಿದ ಹಿರಿಯರನ್ನು ಕೇಳಿ, ಮುಖ ಕಿವುಚುತ್ತಾರೆ. ಅಂಗಡಿಯಲ್ಲಿ ಸಿಗುವ ಟಾನಿಕ್ ವಾಟರ್‌ಗೆ ಸಿಟ್ರಿಕ್ ಆಮ್ಲ ಹಾಕಿರುತ್ತಾರೆ, ಅದು ಸ್ಪಷ್ಟವಾಗಿ ಆಮ್ಲೀಯ. ಅದರೊಳಗಿನ ಕ್ವಿನೈನ್ ಆಗಲೂ ಕಹಿಯೇ. ಗಿಡಗಳು ತಮ್ಮನ್ನು ತಿನ್ನುವ ಪ್ರಾಣಿಗಳ ನರಗಳಿಗೆ ತಗಲುವ ಅಣುಗಳನ್ನು ಕಟ್ಟಿಕೊಂಡವು, ಅವುಗಳಲ್ಲಿ ಅನೇಕ ಸಾರಜನಕದ ಅಣುಗಳು. ಪ್ರಾಣಿಗಳ ನಾಲಿಗೆ ಅಂಥ ವಿಷಗಳನ್ನು ಗುರುತಿಸುವ ಗ್ರಾಹಕಗಳನ್ನು ಬೆಳೆಸಿಕೊಂಡಿತು. ಪ್ರತ್ಯಾಮ್ಲವೂ ಕಹಿಯೂ ಜೊತೆಯಾಗಿ ಕಾಣಿಸುವುದು ಈ ಕಾರಣಕ್ಕೆ.

ಹಾಗಿದ್ದರೆ ನಿಜವಾದ ಕ್ಷಾರದ ರುಚಿ ಏನು? ಎಲೆ ಅಡಿಕೆ ಹಾಕುವವರಿಗೆ ಇದು ಗೊತ್ತು. ಸುಣ್ಣ ಹೆಚ್ಚಾದರೆ ನಾಲಿಗೆ ಕಹಿಯಾಯಿತೆಂದು ಯಾರೂ ಹೇಳುವುದಿಲ್ಲ, ನಾಲಿಗೆ ಸುಟ್ಟಿತೆನ್ನುತ್ತಾರೆ. ಅಡುಗೆ ಸೋಡಾ ಹೆಚ್ಚಾದ ಬೋಂಡಾ ತಿಂದಿದ್ದರೆ ಆ ಉಪ್ಪುಪ್ಪಾದ, ಸೋಪಿನಂಥ ರುಚಿ ನಿಮಗೆ ಗೊತ್ತಿರುತ್ತದೆ. ಈ ಪ್ರಶ್ನೆಯನ್ನು ಚರಕಸಂಹಿತೆಯ ಸೂತ್ರಸ್ಥಾನದ 26ನೆಯ ಅಧ್ಯಾಯ ಎತ್ತಿಕೊಂಡಿರುವುದನ್ನು ಓದಿದಾಗ ನನಗೆ ರೋಮಾಂಚನವಾಯಿತು. ರುಚಿಗಳು ಎಷ್ಟು ಎಂದು ಋಷಿಗಳು ಚರ್ಚಿಸುತ್ತಾರೆ. ವಿದೇಹದ ನಿಮಿ, ಆರು ರಸಗಳ ಜೊತೆಗೆ ಕ್ಷಾರವನ್ನೂ ಸೇರಿಸಿ ಏಳು ಎನ್ನುತ್ತಾನೆ. ಆತ್ರೇಯ ಅದನ್ನು ಒಪ್ಪುವುದಿಲ್ಲ. ಕ್ಷಾರ ಒಂದು ರಸವಲ್ಲ, ಅದು ತಯಾರಿಸಿದ ದ್ರವ್ಯ, ಅದರಲ್ಲಿ ಹಲವು ರಸಗಳಿವೆ, ಹೆಚ್ಚಾಗಿ ಕಟು ಮತ್ತು ಲವಣ ಎಂದು ತೀರ್ಪು ಕೊಡುತ್ತಾನೆ. ಕಟು ಎಂದರೆ ಮೆಣಸಿನ ಖಾರ. ಕಹಿಯಾದ ತಿಕ್ತವನ್ನು ಆತ ಹೆಸರಿಸಿಯೇ ಇಲ್ಲ! ಬೂದಿಯಿಂದ ಕ್ಷಾರ ತೆಗೆದು ಚಿಕಿತ್ಸೆಗೆ ಬಳಸುತ್ತಿದ್ದವರು ಅದರ ರುಚಿಯನ್ನು ನಮ್ಮ ಪುಸ್ತಕಕ್ಕಿಂತ ಸರಿಯಾಗಿ ಬರೆದಿಟ್ಟಿದ್ದಾರೆ. ಹೆಚ್ಚಿನ ಪಿಎಚ್‌ಗೆ ನೋವಿನ ನರಗಳ ಗ್ರಾಹಕಗಳು ಸ್ಪಂದಿಸುತ್ತವೆ ಎಂದು ಈಗ ಪ್ರಯೋಗಗಳಿಂದ ಗೊತ್ತಾಗಿದೆ. ಮೆಣಸಿನಕಾಯಿಯ ಉರಿಯನ್ನು ಹಿಡಿಯುವ ಗ್ರಾಹಕವೂ ಅವುಗಳಲ್ಲಿ ಒಂದು. ಖಾರದ ಉರಿ ಮತ್ತು ಸುಣ್ಣದ ಉರಿಗೆ ನಂಟಿದೆ.

ಹಣ್ಣಿನ ನೊಣಕ್ಕೆ ಮಾತ್ರ ಕ್ಷಾರವನ್ನೇ ಗುರುತಿಸುವ ಬೇರೆ ಏರ್ಪಾಡಿದೆ. ರುಚಿ ವಾಸನೆಗಳ ಅಧ್ಯಯನ ನಡೆಸುವ ಫಿಲಡೆಲ್ಫಿಯಾದ ಮೊನೆಲ್ ಕೇಂದ್ರದ ಸಂಶೋಧಕರು 2023ರಲ್ಲಿ ಅದನ್ನು ವರದಿ ಮಾಡಿದರು. ನೊಣದ ರುಚಿನರಗಳಲ್ಲಿ, ಕ್ಷಾರದ ಗುರುತಾದ ಹೈಡ್ರಾಕ್ಸೈಡ್ ಅಯಾನು ತಗಲಿದರೆ ತೆರೆಯುವ ಕ್ಲೋರೈಡ್ ನಾಳವಿದೆ. ಮನುಷ್ಯನ ನಾಲಿಗೆಯಲ್ಲಿ ಅಂಥದ್ದು ಈವರೆಗೆ ಸಿಕ್ಕಿಲ್ಲ.

ಶಿಕ್ಷಕರಿಗೂ ತಾಯಂದಿರಿಗೂ ನಾನು ಒತ್ತಿ ಹೇಳುವ ಮಾತು ಇದೇ ಜಾಗದಲ್ಲಿದೆ. ಬಚ್ಚಲು ಕೊಳವೆ ಶುಚಿಮಾಡುವ ಕಾಸ್ಟಿಕ್ ಸೋಡಾ ಬಾಯಿಗೆ ಬಿದ್ದರೆ ಮಗು ಕಹಿಯೆಂದು ಉಗುಳಿಬಿಡುತ್ತದೆ ಎಂದು ನಂಬಬೇಡಿ. ಆಮ್ಲ ನಾಲಿಗೆಗೆ ತಾಗಿದ ಕ್ಷಣವೇ ಹುಳಿ ಹೊಡೆಯುತ್ತದೆ. ಕ್ಷಾರದ ದ್ರಾವಣಕ್ಕೆ ಹಾಗೆ ಎಚ್ಚರಿಸುವ ರುಚಿಯಿಲ್ಲ. ಉರಿ ತಿಳಿಯುವಷ್ಟರಲ್ಲಿ ಗುಟುಕು ಒಳಗಿಳಿದಿರಬಹುದು. ಕ್ಷಾರ ಅಂಗಾಂಶದ ಕೊಬ್ಬನ್ನು ಸೋಪಾಗಿಸುತ್ತ, ಪ್ರೋಟೀನನ್ನು ಕರಗಿಸುತ್ತ ಅನ್ನನಾಳದ ಆಳಕ್ಕೆ ಇಳಿಯುತ್ತದೆ. ಕೆಲವು ಮನೆಬಳಕೆಯ ರಾಸಾಯನಿಕಗಳಿಗೆ ಡೆನಟೋನಿಯಂ ಎಂಬ ಅತಿ ಕಹಿ ವಸ್ತುವನ್ನು ಬೇಕೆಂದೇ ಬೆರೆಸುತ್ತಾರೆ. 1958ರಲ್ಲಿ ಸ್ಕಾಟ್ಲೆಂಡಿನಲ್ಲಿ ಸಿಕ್ಕ ಇದು ಲವಣ, ಪ್ರತ್ಯಾಮ್ಲವಲ್ಲ. ಕಹಿಯನ್ನು ಹೊರಗಿನಿಂದ ತಂದು ಸೇರಿಸಬೇಕಾಗಿದೆ ಎಂದರೆ ಅಪಾಯಕಾರಿ ವಸ್ತುಗಳೆಲ್ಲ ತಾವಾಗಿ ಕಹಿಯಾಗಿರುವುದಿಲ್ಲ ಎಂದೇ ಅರ್ಥ. ಆಮ್ಲ, ಪ್ರತ್ಯಾಮ್ಲ ಎಂದು ಗುರುತಿಸಲು ಮಕ್ಕಳ ಕೈಗೆ ಅರಿಸಿನದ ಕಾಗದ ಕೊಡಿ, ಅದರಂತೆಯೇ ಬಣ್ಣ ಬದಲಿಸುವ ದಾಸವಾಳದ ಹೂವು ಕೊಡಿ. ನಾಲಿಗೆಯ ಮಾತನ್ನು ಆ ಪಾಠದಲ್ಲಿ ಹುಳಿಗೆ ನಿಲ್ಲಿಸಿಬಿಡಿ.

ಮುಂದಿನ ಸಾಲಿನಿಂದ ಒಬ್ಬ ತಾಯಿ ಒಳ್ಳೆಯ ಪ್ರಶ್ನೆ ಕೇಳಿದ್ದಾರೆ: ಹಾಗಲಕಾಯಿ ಗೊಜ್ಜಿಗೆ ಹುಣಸೆಹುಳಿ ಹಾಕಿದರೆ ಕಹಿ ತಗ್ಗುತ್ತದಲ್ಲ, ಆಮ್ಲ ಕಹಿಯನ್ನು ಕೊಂದಂತೆ ಆಗಲಿಲ್ಲವೇ? ಇಲ್ಲ, ತಾಯಿ. ಹುಣಸೆಯ ಆಮ್ಲ ಹಾಗಲದ ಕಹಿ ಅಣುವನ್ನು ತಟಸ್ಥಗೊಳಿಸಲು ಅದು ಪ್ರತ್ಯಾಮ್ಲವಾಗಿರಬೇಕಿತ್ತು. ನೀವು ಮಾಡುವ ಕೆಲಸ ಹಲವು ಹಂತದ್ದು. ಹೋಳುಗಳಿಗೆ ಉಪ್ಪು ಸವರಿ ಇಟ್ಟು ಹಿಂಡಿದಾಗ ನೀರಿನ ಜೊತೆ ಸ್ವಲ್ಪ ಕಹಿ ಹೊರಗೆ ಹೋಗುತ್ತದೆ. ಹೋಳಿನಲ್ಲಿ ಉಳಿದ ಉಪ್ಪಿನ ಸೋಡಿಯಂ ನಾಲಿಗೆಯ ಮೇಲೆಯೇ ಹಲವು ಕಹಿ ವಸ್ತುಗಳ ಅನುಭವವನ್ನು ತಗ್ಗಿಸುತ್ತದೆ. ಇದು 1997ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಸ್ಪಷ್ಟವಾಗಿ ಕಂಡಿದೆ. ಅಲ್ಲಿ ಕಹಿಯನ್ನು ಸಕ್ಕರೆ ಒಂದೇ ತಗ್ಗಿಸಿದ್ದಕ್ಕಿಂತ ಉಪ್ಪೂ ಸೇರಿದಾಗ ಹೆಚ್ಚು ತಗ್ಗಿತು. ಹುಣಸೆ ಬೆಲ್ಲಗಳ ಕೆಲಸ ಹೆಚ್ಚಾಗಿ ಮಿದುಳಿನಲ್ಲಿ ನಡೆಯುತ್ತದೆ. ಹುಳಿ, ಸಿಹಿ, ಕಹಿ ಮೂರರ ಸುದ್ದಿಯೂ ಒಟ್ಟಿಗೆ ಬಂದಾಗ ಒಂದನ್ನೊಂದು ಒತ್ತುತ್ತವೆ. ಬಾಣಲೆಯಲ್ಲಿ ಹಾಗಲದ ಕಹಿ ಅಣುಗಳು ಹಾಗೆಯೇ ಇರುತ್ತವೆ. ಬೆಲ್ಲ ಹಾಕದೆ ಒಮ್ಮೆ ಮಾಡಿ ನೋಡಿ, ಹುಣಸೆ ಎಷ್ಟೇ ಹಾಕಿದರೂ ಕಹಿ ಮೇಲೆದ್ದು ಬರುತ್ತದೆ.